ಅಣೆಕಟ್ಟಿನ ಹಾಡುಗಾರ, ಮುಳುಗಿದ ಜಲಪಾತ

ಹಾಡಿಗೆ ಸರ್ಕಾರ ಸಂಬಳ ಕೊಟ್ಟರೆ ಆ ಹಾಡು ಯಾರದಾಗುತ್ತದೆ? ಹಾಡಿದವನದೇ, ಕೊಟ್ಟವರದೇ, ಅಥವಾ ಅದನ್ನು ಎದೆಗೆ ಹಚ್ಚಿಕೊಂಡು ಮುಂದಿನ ತಲೆಮಾರಿಗೆ ದಾಟಿಸಿದ ಜನರದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರು ಅಮೆರಿಕದ ವಾಯವ್ಯ ಮೂಲೆಯಲ್ಲಿ ಹರಿಯುವ ಕೊಲಂಬಿಯಾ ನದಿಯ ದಡಕ್ಕೆ ಒಮ್ಮೆ ಹೋಗಿ ಬರಬೇಕು.

1941ರ ಮೇ ತಿಂಗಳು. ಪತ್ನಿ ಮತ್ತು ಮೂವರು ಮಕ್ಕಳೊಡನೆ, ಕಂತಿನ ಹಣ ಬಾಕಿಯಿದ್ದ ಹಳೆಯ ಕಾರೊಂದರಲ್ಲಿ, ಇಪ್ಪತ್ತೆಂಟರ ಹರೆಯದ ಹಾಡುಗಾರನೊಬ್ಬ ಕ್ಯಾಲಿಫೋರ್ನಿಯಾದಿಂದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರಕ್ಕೆ ಬಂದಿಳಿದ. ಹೆಸರು ವುಡಿ ಗಥ್ರಿ. ಅಲ್ಲಿನ ಬಾನ್‌ವಿಲ್ ವಿದ್ಯುತ್ ಆಡಳಿತ ಎಂಬ ಕೇಂದ್ರ ಸರ್ಕಾರಿ ಸಂಸ್ಥೆ ಕೊಲಂಬಿಯಾ ನದಿಯ ಅಣೆಕಟ್ಟುಗಳ ಬಗ್ಗೆ ಚಲನಚಿತ್ರವೊಂದನ್ನು ತೆಗೆಯುವ ಸನ್ನಾಹದಲ್ಲಿತ್ತು. ಅದಕ್ಕೆ ಹಾಡು ಬರೆಯಲು ಜನರ ಭಾಷೆ ಬಲ್ಲ ಒಬ್ಬ ಬೇಕಾಗಿದ್ದ. ಗಥ್ರಿಯ ಎಡಪಂಥೀಯ ಒಲವು ಎಲ್ಲರಿಗೂ ತಿಳಿದಿದ್ದುದರಿಂದ ದೀರ್ಘಾವಧಿಯ ನೇಮಕಕ್ಕೆ ವಾಷಿಂಗ್ಟನ್ ಒಪ್ಪುವುದು ಕಷ್ಟವೆಂದು ಅಧಿಕಾರಿಗಳು ಊಹಿಸಿದರು. ಹೀಗಾಗಿ ಒಂದು ತಿಂಗಳ ತುರ್ತು ನೇಮಕ. ಸಂಬಳ 266 ಡಾಲರ್ 66 ಸೆಂಟ್. ಆ ಒಂದು ತಿಂಗಳಲ್ಲಿ ಆತ ಬರೆದ ಹಾಡುಗಳು 26. ಲೆಕ್ಕ ಹಾಕಿದರೆ ಹಾಡೊಂದಕ್ಕೆ ಹತ್ತು ಡಾಲರ್‌ಗಿಂತ ತುಸು ಹೆಚ್ಚು.

ಕಾರನ್ನು ಸಾಲ ಕೊಟ್ಟವರು ಪೋರ್ಟ್‌ಲೆಂಡಿನಲ್ಲೇ ಕಸಿದುಕೊಂಡು ಹೋದರು. ಸಂಸ್ಥೆಯ ನೌಕರ ಎಲ್ಮರ್ ಬ್ಯೂಲರ್ ಸರ್ಕಾರಿ ಕಾರಿನಲ್ಲಿ ಗಥ್ರಿಯನ್ನು ಕೂರಿಸಿಕೊಂಡು ನದಿಯುದ್ದಕ್ಕೂ ತೋರಿಸಿದರು: ಸೇಬಿನ ತೋಟಗಳು, ಗೋಧಿಯ ಬಯಲು, ವಲಸೆ ಕಾರ್ಮಿಕರ ಬಿಡಾರಗಳು, ಕೊನೆಗೆ ಆ ಕಾಲಕ್ಕೆ ಜಗತ್ತಿನ ಅತಿದೊಡ್ಡ ಕಾಂಕ್ರೀಟ್ ನಿರ್ಮಾಣವೆನಿಸಿದ್ದ ಗ್ರ್ಯಾಂಡ್ ಕೂಲಿ ಅಣೆಕಟ್ಟು. 168 ಮೀಟರ್ ಎತ್ತರ, ಸುಮಾರು ಒಂದೂವರೆ ಕಿಲೋಮೀಟರಿಗೂ ಮೀರಿದ ಉದ್ದ. ಅದೇ ವರ್ಷದ ಮಾರ್ಚ್‌ನಲ್ಲಷ್ಟೇ ಅಲ್ಲಿಂದ ವಿದ್ಯುತ್ ಹರಿಯತೊಡಗಿತ್ತು. ಗಥ್ರಿ ಬೆರಗಾದ. ಆ ಬೆರಗೇ ಹಾಡಾಯಿತು.

ಈ ಬೆರಗಿನ ಬೇರು ಎಲ್ಲಿತ್ತು ಎಂಬುದನ್ನು ಅರಿಯದೆ ಆ ಹಾಡುಗಳನ್ನು ಸರ್ಕಾರಿ ಪ್ರಚಾರವೆಂದು ತಳ್ಳಿಹಾಕುವುದು ಅನ್ಯಾಯ. ಗಥ್ರಿ ಹುಟ್ಟಿದ್ದು 1912ರಲ್ಲಿ, ಓಕ್ಲಹೋಮ ರಾಜ್ಯದ ಓಕೀಮಾ ಎಂಬ ಸಣ್ಣ ಪಟ್ಟಣದಲ್ಲಿ. ಆಸ್ತಿಪಾಸ್ತಿ ಇದ್ದ ತಂದೆ ಎಲ್ಲವನ್ನೂ ಕಳೆದುಕೊಂಡ. ಅಕ್ಕ ಬೆಂಕಿಗೆ ಬಲಿಯಾದಳು. ತಾಯಿ ಆಗ ಯಾರಿಗೂ ಸರಿಯಾಗಿ ಅರ್ಥವಾಗದಿದ್ದ ನರರೋಗಕ್ಕೆ ತುತ್ತಾಗಿ ಮಾನಸಿಕ ಆಸ್ಪತ್ರೆ ಸೇರಿದಳು. ಹದಿಹರೆಯದಲ್ಲೇ ಹೆಚ್ಚುಕಡಿಮೆ ಅನಾಥನಾದ ಹುಡುಗ ಟೆಕ್ಸಾಸ್‌ನ ಪಾಂಪಾ ಎಂಬಲ್ಲಿಗೆ ಬಂದ. ಅಲ್ಲಿ ಅವನಿಗಾಗಿ ಕಾದಿದ್ದುದು ಧೂಳು.

1930ರ ದಶಕದಲ್ಲಿ ಅಮೆರಿಕದ ಮಧ್ಯಬಯಲು ಪ್ರದೇಶದಲ್ಲಿ ಮಳೆ ಕೈಕೊಟ್ಟಿತು. ಗೋಧಿಯ ಆಸೆಗೆ ಹುಲ್ಲುಗಾವಲನ್ನೆಲ್ಲ ಉತ್ತು ಬರಿದು ಮಾಡಿದ್ದ ನೆಲದಲ್ಲಿ ಮಣ್ಣನ್ನು ಹಿಡಿದಿಡುವ ಬೇರೇ ಉಳಿದಿರಲಿಲ್ಲ. ಗಾಳಿ ಬೀಸಿತು, ಮೇಲ್ಮಣ್ಣು ಹಾರಿತು. 1935ರ ಏಪ್ರಿಲ್ 14ರ ಭಾನುವಾರ ಎದ್ದ ಧೂಳಿನ ಗೋಡೆ ಹಗಲನ್ನು ಕತ್ತಲಾಗಿಸಿತು. ಲೋಕವೇ ಮುಗಿಯಿತೆಂದು ಜನ ಪ್ರಾರ್ಥನೆಗೆ ಕುಳಿತರು. ಆ ದಿನ ಗಥ್ರಿ ಪಾಂಪಾದಲ್ಲಿದ್ದ. ಬೆಳೆ ಹೋಯಿತು, ಬ್ಯಾಂಕು ಜಮೀನನ್ನು ನುಂಗಿತು. ಲಕ್ಷಾಂತರ ಜನ ಹರಕು ಹಾಸಿಗೆಗಳನ್ನು ಹೇರಿಕೊಂಡು ಕ್ಯಾಲಿಫೋರ್ನಿಯಾದತ್ತ ನಡೆದರು. ತಲುಪಿದ ಮೇಲೆ ಅವರಿಗೆ ಸಿಕ್ಕಿದ್ದು ಅರೆಹೊಟ್ಟೆಯ ಕೂಲಿ ಮತ್ತು 'ಓಕಿ'ಗಳೆಂಬ ಹೀಯಾಳಿಕೆ. ಆ ಗುಳೆಯ ಜನರೊಳಗೆ ಗಥ್ರಿಯೂ ಒಬ್ಬ.

ಈ ಅನುಭವವೇ 1940ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ಹೊರತಂದ 'ಡಸ್ಟ್ ಬೌಲ್ ಬ್ಯಾಲಡ್ಸ್' ಎಂಬ ಗೀತಗುಚ್ಛವಾಯಿತು. ಮೂರು ಮೂರು ಗ್ರಾಮಫೋನ್ ತಟ್ಟೆಗಳ ಎರಡು ಸಂಪುಟ. ಬಿಡಿ ಹಾಡುಗಳೇ ಜನಪ್ರಿಯವಾಗಿದ್ದ ಕಾಲದಲ್ಲಿ ಒಂದು ಪ್ರದೇಶದ ಬಾಳನ್ನು, ಅದರ ಬರವನ್ನು, ಅದರ ಗುಳೆಯನ್ನು ಒಂದೇ ಸೂತ್ರದಲ್ಲಿ ಪೋಣಿಸಿದ ಧ್ವನಿಮುದ್ರಿಕೆ ಅದು. ಹಿಂದಿನ ವರ್ಷ ಪ್ರಕಟವಾಗಿದ್ದ ಜಾನ್ ಸ್ಟೈನ್‌ಬೆಕ್ ಅವರ 'ದಿ ಗ್ರೇಪ್ಸ್ ಆಫ್ ರ‍್ಯಾತ್' ಕಾದಂಬರಿ ಮತ್ತು ಅದೇ ವರ್ಷ ತೆರೆಕಂಡ ಅದರ ಚಲನಚಿತ್ರ ದೇಶವನ್ನು ಅಲುಗಿಸಿದ್ದವು. ಆ ಕಥನಕ್ಕೆ ದನಿಯನ್ನು ಕೊಟ್ಟವನು ಗಥ್ರಿ. ಅವನ ಧಾಟಿಯಲ್ಲಿ ಗೋಗರೆತವಿಲ್ಲ. ಧೂಳು ಕುಡಿದು ಒಣಗಿದ ಗಂಟಲಿನಿಂದ ಹೊರಡುವ ಹಾಸ್ಯವಿದೆ, ಆ ಹಾಸ್ಯದ ಕೆಳಗೆ ಸಿಟ್ಟಿದೆ.

ಇಂಥವನನ್ನು ಒಂದು ವರ್ಷದ ಬಳಿಕ ಕೊಲಂಬಿಯಾದ ದಡದಲ್ಲಿ ನಿಲ್ಲಿಸಿದರೆ ಏನಾದೀತು? ನೀರಿಲ್ಲದೆ ನೆಲೆ ಕಳೆದುಕೊಂಡವನ ಕಣ್ಣಿಗೆ ಅಷ್ಟು ನೀರು ಬಿತ್ತು. ಆ ನೀರು ಸಮುದ್ರಕ್ಕೆ 'ವ್ಯರ್ಥ'ವಾಗಿ ಸೇರುವ ಬದಲು ಒಣಭೂಮಿಗೆ ಹರಿದೀತು. ಗುಳೆ ಎದ್ದವರು ಅಲ್ಲಿ ಒಂದಿಷ್ಟು ಜಮೀನು ಮಾಡಿಕೊಂಡು ನೆಲೆ ನಿಂತಾರು ಎಂದು ಆತ ನಂಬಿದ. ಇನ್ನೊಂದು ಕಾರಣವೂ ಇತ್ತು. 1930ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಹತ್ತು ರೈತ ಮನೆಗಳಲ್ಲಿ ಒಂಬತ್ತಕ್ಕೆ ವಿದ್ಯುತ್ ಇರಲಿಲ್ಲ. ದೂರದ ತೋಟದ ಮನೆಗೆ ಕಂಬ ನೆಟ್ಟರೆ ಲಾಭವಿಲ್ಲವೆಂದು ಖಾಸಗಿ ಕಂಪನಿಗಳು ಕೈಚೆಲ್ಲಿದ್ದವು. ನದಿಯ ವಿದ್ಯುತ್ತು ಸಾರ್ವಜನಿಕರ ಸ್ವತ್ತಾಗಿ ಅಗ್ಗದ ದರದಲ್ಲಿ ಬಡವರ ಮನೆಗೆ ಬರಬೇಕೆಂಬುದು ಆ ದಿನಗಳ ದೊಡ್ಡ ರಾಜಕೀಯ ಹೋರಾಟ. ಗಥ್ರಿಯ ಹಾಡುಗಳು ಆ ಹೋರಾಟದಲ್ಲಿ ಒಂದು ಪಕ್ಷ ವಹಿಸಿದವು. ಸಂಬಳಕ್ಕಾಗಿ ಆತ ನಂಬಿಕೆಯನ್ನು ಮಾರಲಿಲ್ಲ. ನಂಬಿದ್ದನ್ನೇ ಹಾಡಿದ, ಅದಕ್ಕೆ ಆ ತಿಂಗಳು ಸಂಬಳವೂ ಸಿಕ್ಕಿತು.

ಧಾಟಿಗಳನ್ನು ಆತ ಹೊಸದಾಗಿ ಕಟ್ಟುವ ಗೋಜಿಗೆ ಹೋಗಲಿಲ್ಲ. ಜನರ ಬಾಯಲ್ಲಿ ಆಗಲೇ ಓಡಾಡುತ್ತಿದ್ದ ಮಟ್ಟುಗಳಿಗೆ ಹೊಸ ಸಾಹಿತ್ಯ ಕೂರಿಸಿದ. ರೈಲಿನ ಹಾಡೊಂದರ ಮಟ್ಟಿನಲ್ಲಿ ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ಹಾಡು. ಕೊಲೆಯೊಂದರ ಕಥೆ ಹೇಳುವ ಹಳೆಯ ಲಾವಣಿಯ ಮಟ್ಟಿನಲ್ಲಿ ವಲಸೆ ಕಾರ್ಮಿಕರ ಹಾಡು. ಕರಿಯ ಗಾಯಕ ಲೆಡ್‌ಬೆಲ್ಲಿ ಪ್ರಸಿದ್ಧಗೊಳಿಸಿದ್ದ ಹಾಡಿನ ಮಟ್ಟಿನಲ್ಲಿ 'ರೋಲ್ ಆನ್ ಕೊಲಂಬಿಯಾ'. ನಮ್ಮ ತತ್ವಪದಕಾರರೂ ಲಾವಣಿಕಾರರೂ ಮಾಡಿದ್ದು ಇದನ್ನೇ ಅಲ್ಲವೇ? ಮಟ್ಟು ಎಲ್ಲರದು, ಮಾತು ಮಾತ್ರ ತನ್ನದು. ಹೀಗಾಗಿಯೇ ಆ ಹಾಡುಗಳು ಕೇಳಿದವರ ನಾಲಗೆಗೆ ಬೇಗ ಒಗ್ಗಿದವು. 1958ರಲ್ಲಿ ಲಾನಿ ಡಾನೆಗನ್ ಹಾಡಿದ 'ಗ್ರ್ಯಾಂಡ್ ಕೂಲಿ ಡ್ಯಾಂ' ಅಟ್ಲಾಂಟಿಕ್ ದಾಟಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿ ಸೇರಿತು. ಗಥ್ರಿ ತೀರಿಕೊಂಡ ಮರುವರ್ಷ, 1968ರಲ್ಲಿ, ನ್ಯೂಯಾರ್ಕಿನ ಶ್ರದ್ಧಾಂಜಲಿ ಸಭೆಯಲ್ಲಿ ಬಾಬ್ ಡಿಲನ್ ಹಾಡಿದ ಹಾಡುಗಳಲ್ಲಿ ಅದೂ ಒಂದು.

ಆದರೆ ಸರ್ಕಾರಿ ಕಾರಿನ ಕಿಟಕಿಯಿಂದ ಕಂಡ ನದಿ ಪೂರ್ತಿ ನದಿಯಲ್ಲ.

ಗಥ್ರಿ ಬರುವುದಕ್ಕೆ ಹನ್ನೊಂದು ತಿಂಗಳ ಮೊದಲು, 1940ರ ಜೂನ್‌ನಲ್ಲಿ, ಗ್ರ್ಯಾಂಡ್ ಕೂಲಿಯ ಮೇಲುಭಾಗದ ಕೆಟಲ್ ಜಲಪಾತದ ಬಳಿ ಮೂಲನಿವಾಸಿ ಬುಡಕಟ್ಟುಗಳ ಜನ ಸೇರಿದ್ದರು. ಮೂರು ದಿನ ನಡೆದ ಆ ಕೂಟವನ್ನು ಇತಿಹಾಸ 'ಕಣ್ಣೀರಿನ ಸಮಾರಂಭ'ವೆಂದು ಕರೆಯುತ್ತದೆ. ಅವರು ಬೀಳ್ಕೊಡುತ್ತಿದ್ದುದು ಒಂದು ಮೀನನ್ನು. ಸಾಲ್ಮನ್ ಮೀನು ನದಿಯ ಮೇಲ್ದಂಡೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಇಳಿದು, ಬೆಳೆದು, ಮೊಟ್ಟೆಯಿಡಲು ಹುಟ್ಟಿದ ನೀರಿಗೇ ಮರಳುವ ಜೀವಿ. ಜಲಪಾತವನ್ನು ಎಗರಿ ಏರಲು ಯತ್ನಿಸುವ ಮೀನನ್ನು ಬುಟ್ಟಿ, ಈಟಿಗಳಲ್ಲಿ ಹಿಡಿದು ವರ್ಷದ ಅನ್ನ ಮಾಡಿಕೊಳ್ಳುವುದು ಸಾವಿರಾರು ವರ್ಷಗಳಿಂದ ನಡೆದುಬಂದ ಬದುಕು. ಅವರ ದೈವ, ಹಬ್ಬ, ನಂಟಸ್ತನ, ವ್ಯಾಪಾರ ಎಲ್ಲವೂ ಆ ಮೀನಿನ ಸುತ್ತ ಹೆಣೆದಿದ್ದವು. ಕೆಳಗಿನ ಬಾನ್‌ವಿಲ್ ಅಣೆಕಟ್ಟಿನಲ್ಲಿ ಮೀನು ಹತ್ತಿಹೋಗಲು ಮೆಟ್ಟಿಲುಗಳನ್ನು ಕಟ್ಟಿದ್ದರು. ಗ್ರ್ಯಾಂಡ್ ಕೂಲಿಯಲ್ಲಿ ಅದಿಲ್ಲ. 168 ಮೀಟರ್ ಗೋಡೆಯ ಮುಂದೆ ಮೀನಿನ ಪಯಣ ಮುಗಿಯಿತು. ಕೆಟಲ್ ಜಲಪಾತ, ದಂಡೆಯ ಊರುಗಳು, ಹಿರಿಯರ ಸಮಾಧಿಗಳು ಸುಮಾರು 240 ಕಿಲೋಮೀಟರ್ ಉದ್ದದ ಜಲಾಶಯದ ತಳ ಸೇರಿದವು. ಆ ಜಲಾಶಯಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಅವರ ಹೆಸರು.

ಗಥ್ರಿಯ 26 ಹಾಡುಗಳಲ್ಲಿ ಈ ಕಣ್ಣೀರು ಕಾಣುವುದಿಲ್ಲ. ಸಾಲ್ಮನ್ ಒಂದೆಡೆ ರಾಜಕಾರಣಿಗಳನ್ನು ಚುಡಾಯಿಸುವ ತಮಾಷೆಗೆ ನೆಪವಾಗಿ ಬರುತ್ತದೆಯೇ ಹೊರತು ಅದನ್ನೇ ನಂಬಿದ್ದ ಜನರ ಅಳಲಾಗಿ ಅಲ್ಲ. ಇನ್ನೂ ಕಟುವಾದ ಸಂಗತಿಯಿದೆ. 'ರೋಲ್ ಆನ್ ಕೊಲಂಬಿಯಾ'ದ ಮೂಲ ಪಾಠದಲ್ಲಿ 19ನೆಯ ಶತಮಾನದ ಯುದ್ಧವೊಂದನ್ನು ನೆನೆಯುವ ಚರಣಗಳಿವೆ. ಮೂಲನಿವಾಸಿಗಳನ್ನು ಗಲ್ಲಿಗೇರಿಸಿದ್ದನ್ನು ಅವು ಗೆಲುವಿನ ದನಿಯಲ್ಲೇ ಹೇಳುತ್ತವೆ. ಇಂದು ಹಾಡುವವರು ಸಾಮಾನ್ಯವಾಗಿ ಅವನ್ನು ಬಿಟ್ಟುಬಿಡುತ್ತಾರೆ. ಗುಳೆಯವರ ಪರವಾಗಿ ಅಷ್ಟು ಗಟ್ಟಿಯಾಗಿ ನಿಂತವನಿಗೆ, ತನ್ನ ಕಣ್ಣೆದುರೇ ಹೊಸದಾಗಿ ಗುಳೆ ಏಳುತ್ತಿದ್ದವರು ಕಾಣಲಿಲ್ಲ. ಅದನ್ನು ಆತನ ಕೇಡಿಗತನವೆಂದು ಕರೆಯಲಾಗದು. ಒಂದು ಬಗೆಯ ನೋವನ್ನು ಆಳವಾಗಿ ಉಂಡವರು ಇನ್ನೊಂದು ಬಗೆಯ ನೋವಿಗೆ ಕುರುಡಾಗುವುದು ಮನುಷ್ಯರಲ್ಲಿ ಅಪರೂಪವೇನಲ್ಲ.

ಹಾಡು ಕೊಟ್ಟ ಭರವಸೆಗಳಾದರೂ ಈಡೇರಿದವೇ? ಅರ್ಧ. ಅಗ್ಗದ ವಿದ್ಯುತ್ತು ನಿಜಕ್ಕೂ ಬಂತು. ತೋಟದ ಮನೆಗಳಲ್ಲಿ ದೀಪ ಹತ್ತಿತು. ಆದರೆ ಗಥ್ರಿ ಹೋದ ಕೆಲವೇ ತಿಂಗಳಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಗ್ರ್ಯಾಂಡ್ ಕೂಲಿಯ ವಿದ್ಯುತ್ತು ಯುದ್ಧವಿಮಾನಗಳ ಅಲ್ಯೂಮಿನಿಯಂ ಕಾಯಿಸಲು ಹೋಯಿತು. 1943ರಿಂದ ಅದೇ ನದಿಯ ದಡದ ಹ್ಯಾನ್‌ಫರ್ಡ್‌ನಲ್ಲಿ ಗುಟ್ಟಾಗಿ ತಲೆಯೆತ್ತಿದ ಸ್ಥಾವರಕ್ಕೆ ನದಿಯ ನೀರೂ ವಿದ್ಯುತ್ತೂ ಬೇಕಾದವು. ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ತಯಾರಾದದ್ದು ಅಲ್ಲಿ. ನೀರಾವರಿಯ ನೀರು ಹರಿದದ್ದು 1950ರ ಸುಮಾರಿಗೆ. ಹತ್ತು ಲಕ್ಷಕ್ಕೂ ಹೆಚ್ಚು ಎಕರೆಗೆಂದು ಹಾಕಿದ ಯೋಜನೆ ಇಂದಿಗೂ ತಲುಪಿರುವುದು ಏಳು ಲಕ್ಷ ಎಕರೆಗಿಂತ ಕಡಿಮೆ. ಧೂಳಿನ ಬಯಲಿನಿಂದ ಬಂದವರು ಅಲ್ಲಿ ಗುಂಪುಗುಂಪಾಗಿ ನೆಲೆಯೂರುವ ಕನಸು ಕನಸಾಗಿಯೇ ಉಳಿಯಿತು. ಆ ಹೊಲ, ತೋಟಗಳಲ್ಲಿ ಈಗ ಬಾಗಿ ದುಡಿಯುವವರಲ್ಲಿ ಬಹುಪಾಲು ಮೆಕ್ಸಿಕೋ ಮೂಲದ ಕೂಲಿಕಾರರು. ವಲಸೆ ಕಾರ್ಮಿಕರ ಬಗ್ಗೆ ಗಥ್ರಿ ಬರೆದ ಹಾಡು ಮಾತ್ರ ಹೀಗೆ ಹಳತಾಗಲೇ ಇಲ್ಲ.

ಹಾಡುಗಳ ಪಾಡೂ ಒಂದು ಕಥೆಯೇ. ಯುದ್ಧದಿಂದಾಗಿ ನಿಂತ ಚಲನಚಿತ್ರ ಮುಗಿದದ್ದು 1949ರಲ್ಲಿ. ಅದರಲ್ಲಿ ಬಳಕೆಯಾದದ್ದು ಬೆರಳೆಣಿಕೆಯ ಹಾಡುಗಳು. 1950ರ ದಶಕದಲ್ಲಿ ರಾಜಕೀಯದ ಗಾಳಿ ತಿರುಗಿ, ಸಾರ್ವಜನಿಕ ವಿದ್ಯುತ್ತಿನ ಮಾತೇ ಅಪಥ್ಯವೆನಿಸಿದಾಗ, ಚಿತ್ರದ ಪ್ರತಿಗಳನ್ನು ನಾಶಮಾಡಲು ಅಪ್ಪಣೆಯಾಯಿತು. ಹಿಂದೊಮ್ಮೆ ಗಥ್ರಿಯನ್ನು ಕಾರಿನಲ್ಲಿ ಸುತ್ತಾಡಿಸಿದ್ದ ಬ್ಯೂಲರ್ ಪ್ರತಿಗಳನ್ನು ತಮ್ಮ ಮನೆಯಲ್ಲಿ ಬಚ್ಚಿಟ್ಟು ಉಳಿಸಿದರು. ಮುಂದೆ 1980ರ ದಶಕದಲ್ಲಿ ಅದೇ ಸಂಸ್ಥೆಯ ನೌಕರ ಬಿಲ್ ಮರ್ಲಿನ್ ಚದುರಿಹೋಗಿದ್ದ ಹಾಡುಗಳನ್ನೂ ಧ್ವನಿಮುದ್ರಣಗಳನ್ನೂ ಹುಡುಕಿ ಒಟ್ಟುಮಾಡಿದರು. ಹೀಗೆ 'ಕೊಲಂಬಿಯಾ ರಿವರ್ ಕಲೆಕ್ಷನ್' ಎಂಬ, 17 ಹಾಡುಗಳ ಧ್ವನಿಮುದ್ರಿಕೆ ಹೊರಬಂತು. 1987ರಲ್ಲಿ ವಾಷಿಂಗ್ಟನ್ ರಾಜ್ಯ 'ರೋಲ್ ಆನ್ ಕೊಲಂಬಿಯಾ'ವನ್ನು ತನ್ನ ಅಧಿಕೃತ ಜನಪದ ಗೀತೆಯಾಗಿ ಸ್ವೀಕರಿಸಿತು. 2017ರಲ್ಲಿ ಆ ಪ್ರದೇಶದ ಇಂದಿನ ಗಾಯಕರು ಎಲ್ಲ 26 ಹಾಡುಗಳನ್ನೂ ಹೊಸದಾಗಿ ಹಾಡಿ ಮುದ್ರಿಸಿದರು. ಸರ್ಕಾರ ಬರೆಸಿದ್ದನ್ನು ಸರ್ಕಾರವೇ ಸುಡಹೊರಟಿತು. ಉಳಿಸಿದವರು ಇಬ್ಬರು ಸಾಮಾನ್ಯ ನೌಕರರು. ಗಥ್ರಿ ಇದನ್ನು ಕಾಣಲಿಲ್ಲ. ತಾಯಿಯ ರೋಗವೇ ಆತನನ್ನೂ ಹಿಡಿದಿತ್ತು. 1966ರಲ್ಲಿ ಕೇಂದ್ರ ಸರ್ಕಾರ ಪ್ರಶಸ್ತಿ ಕೊಟ್ಟು, ಬಾನ್‌ವಿಲ್ ಸಂಸ್ಥೆಯ ಒಂದು ವಿದ್ಯುತ್ ಉಪಕೇಂದ್ರಕ್ಕೆ ಆತನ ಹೆಸರಿಟ್ಟಾಗ ಆತ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದ. ಮರುವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡ.

ದೂರದ ಈ ಕಥೆ ನಮಗೇಕೆ ಎಂದು ಓದುಗರು ಕೇಳಬಹುದು. ನಂಟು ನಾವಂದುಕೊಂಡಷ್ಟು ದೂರದ್ದಲ್ಲ. ಗ್ರ್ಯಾಂಡ್ ಕೂಲಿಯಲ್ಲಿ ದುಡಿದ ನಿರ್ಮಾಣ ತಜ್ಞ ಹಾರ್ವೆ ಸ್ಲೋಕಮ್ 1950ರ ದಶಕದಲ್ಲಿ ಬಂದು ನಿಂತದ್ದು ನಮ್ಮ ಭಾಕ್ರಾದಲ್ಲಿ. ಅಣೆಕಟ್ಟುಗಳನ್ನು ಹೊಸ ಭಾರತದ ದೇಗುಲಗಳಿಗೆ ಹೋಲಿಸಿದ ನೆಹರೂ, 1958ರಲ್ಲಿ ದೊಡ್ಡದನ್ನೇ ಕಟ್ಟುವ ಹುಚ್ಚಿನ ವಿರುದ್ಧ ಎಚ್ಚರಿಸಿದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಇನ್ನು ಬೆಂಗಳೂರಿನ ನಮ್ಮ ಮನೆಗಳಿಗೆ ದಶಕಗಳ ಕಾಲ ಬೆಳಕಾದದ್ದು ಶರಾವತಿ. 1978ರಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಧ್ವನಿಸುರುಳಿಯಾಗಿ ಬಂದಾಗ ನಾಡಿನ ನದಿ, ಕಾಡು, ಜಲಪಾತಗಳ ಹೆಮ್ಮೆ ಮನೆಮನೆಯ ಹಾಡಾಯಿತು. ಅದರ ಚೆಲುವಿಗೆ ಮಾರುಹೋಗದ ಕನ್ನಡಿಗ ವಿರಳ. ಆದರೆ ಆ ವೇಳೆಗೆ 1964ರ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಎಷ್ಟು ಊರು, ಗದ್ದೆ, ತೋಟಗಳು ಮುಳುಗಿದ್ದವು ಎಂಬುದು ಯಾವ ಧ್ವನಿಸುರುಳಿಯಲ್ಲೂ ಇರಲಿಲ್ಲ.

ಅದನ್ನು ಹೇಳಿದವರು ಬೇರೆ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲೇ ದುಡಿದ ನಾ. ಡಿಸೋಜ, ಸರ್ಕಾರಿ ಸಂಬಳ ಪಡೆಯುತ್ತಲೇ, ಮುಳುಗಡೆಯವರ ಬಾಳನ್ನು ಕಾದಂಬರಿಗಳಲ್ಲಿ ಬರೆದರು. ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ತೆರೆಗೆ ತಂದರು. ಗಥ್ರಿಗೆ ಕಾರಿನ ಕಿಟಕಿಯಿಂದ ಕಾಣದ್ದು ಡಿಸೋಜರಿಗೆ ಕಚೇರಿಯ ಮೇಜಿನಿಂದ ಕಂಡಿತು. ಸಂಬಳ ಕೊಡುವವರು ಯಾರೆಂಬುದಕ್ಕಿಂತ ಯಾರ ಜೊತೆ ಎಷ್ಟು ಕಾಲ ಬದುಕಿದೆವೆಂಬುದೇ ಬರೆಹದ ಹಣೆಬರಹವನ್ನು ತೀರ್ಮಾನಿಸುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಗಥ್ರಿ ಇದ್ದದ್ದು ಒಂದು ತಿಂಗಳು. ಡಿಸೋಜ ಇದ್ದದ್ದು ಒಂದು ಆಯುಷ್ಯ.

ಹಾಗೆಂದು ಗಥ್ರಿಯ ಹಾಡುಗಳನ್ನು ಮೂಲೆಗೆ ತಳ್ಳಬೇಕೇ? ಬೇಡ. ಕತ್ತಲಲ್ಲಿದ್ದ ಬಡವನ ಮನೆಗೆ ದೀಪ ಬೇಕೆಂದು ಹಾಡಿದವನನ್ನು, ದೀಪದ ಕೆಳಗೆ ಓದುತ್ತ ಕುಳಿತ ನಾವು ಹಳಿಯುವುದು ಸುಲಭದ ಸಾಹಸ. ಆದರೆ ಒಂದು ಪ್ರದೇಶದ ಬಾಳನ್ನು ಒಬ್ಬ ಹಾಡುಗಾರನ ಕೈಗೆ ಇಡಿಯಾಗಿ ಒಪ್ಪಿಸಬಾರದು. ಅವನ ಪಕ್ಕದಲ್ಲಿ ಮುಳುಗಿದವರ ದನಿಗೂ ಜಾಗವಿರಬೇಕು. ಅಮೆರಿಕ ಇದನ್ನು ತಡವಾಗಿ, ತುಸುವೇ ಕಲಿಯುತ್ತಿದೆ. ಗ್ರ್ಯಾಂಡ್ ಕೂಲಿಯಿಂದ ನೆಲೆ ಕಳೆದುಕೊಂಡ ಕಾಲ್ವಿಲ್ ಬುಡಕಟ್ಟುಗಳಿಗೆ ಪರಿಹಾರದ ಕಾನೂನು ಬಂದದ್ದು 1994ರಲ್ಲಿ. ಸ್ಪೋಕೇನ್ ಬುಡಕಟ್ಟಿಗೆ 2019ರಲ್ಲಿ. ಅಣೆಕಟ್ಟಿನ ಮೇಲ್ಭಾಗಕ್ಕೆ ಸಾಲ್ಮನ್ ಮರಳಿಸುವ ಪ್ರಯತ್ನಕ್ಕೆ ಇಪ್ಪತ್ತು ವರ್ಷಗಳಲ್ಲಿ 20 ಕೋಟಿ ಡಾಲರ್ ಕೊಡುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2023ರಲ್ಲಿ. ಆ ಹಣ ಕೊಡಬೇಕಾದದ್ದು ಗಥ್ರಿಗೆ ಸಂಬಳ ಕೊಟ್ಟ ಅದೇ ಬಾನ್‌ವಿಲ್ ಸಂಸ್ಥೆ. ನಮ್ಮಲ್ಲಿ ಶರಾವತಿಯ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕಗಳ ಬಳಿಕವೂ ಚುನಾವಣೆಯಿಂದ ಚುನಾವಣೆಗೆ ದಾಟುತ್ತಲೇ ಬಂದಿದೆ.

ಕೊಲಂಬಿಯಾದ ಇನ್ನೊಂದು ದೊಡ್ಡ ಮೀನುಗಾರಿಕೆಯ ತಾಣ ಸೆಲೈಲೋ ಜಲಪಾತ. ಡ್ಯಾಲ್ಸ್ ಅಣೆಕಟ್ಟಿನ ಬಾಗಿಲು ಮುಚ್ಚಿದ 1957ರ ಮಾರ್ಚ್ 10ರಂದು ಕೆಲವೇ ಗಂಟೆಗಳಲ್ಲಿ ಅದು ನೀರಡಿ ಸೇರಿತು. ಬಂಡೆಗಳನ್ನು ಸಿಡಿಸಿ ನಾಶಮಾಡಿರಬೇಕೆಂದು ಹಲವರು ನಂಬಿದ್ದರು. ಅರ್ಧ ಶತಮಾನದ ಬಳಿಕ ಶಬ್ದತರಂಗಗಳಿಂದ ತಳವನ್ನು ಶೋಧಿಸಿದಾಗ ಜಲಪಾತದ ಬಂಡೆಗಳು ಇದ್ದಂತೆಯೇ ಇರುವುದು ಕಂಡಿತು. ನಮ್ಮಲ್ಲೂ ಮಳೆ ಕೈಕೊಟ್ಟ ವರ್ಷ ಲಿಂಗನಮಕ್ಕಿಯ ನೀರಿಳಿದಾಗ, 1948ರ ಹಿರೇಭಾಸ್ಕರ ಅಣೆಕಟ್ಟು ಮೈಯೊಣಗಿಸಿಕೊಂಡು ಮೇಲೇಳುತ್ತದೆ. ಜನ ನೋಡಲು ಹೋಗುತ್ತಾರೆ, ಹಿರಿಯರು ತಮ್ಮ ಊರು ಎಲ್ಲಿತ್ತೆಂದು ಬೆರಳು ತೋರಿಸುತ್ತಾರೆ. ಮುಳುಗಿದ್ದು ಇಲ್ಲವಾಗಿರುವುದಿಲ್ಲ. ನೀರು ಇಳಿಯುವವರೆಗೂ ಕಾಯದೆ ಅದನ್ನು ಹಾಡಬಲ್ಲವರು ಬೇಕು, ಅಷ್ಟೇ.